ಬಸುರಿ ಮನೆಯೊಳಗೆ, ಸೀಟು ಅಂಗಳದಲ್ಲಿ

ನನ್ನ ಅಳಿಯಂದಿರು ಕಾರು ಇಟ್ಟುಕೊಂಡಿರುವುದು ಓಡಿಸುವುದಕ್ಕಲ್ಲ, ಕೀಸುವುದಕ್ಕೆ! ನಂಬುವುದಿಲ್ಲವಾ? ಈ ತೊಂಬತ್ತನೇ ಇಸವಿ ಫೆಬ್ರವರಿಯಲ್ಲಿ ಮಗಳ ಬಾಣಂತನಕ್ಕೆಂದು ಕುವೈತಿಗೆ ಬಂದು ಇಳಿಯುವವರೆಗೆ ನಾನೂ ನಂಬುತ್ತಿರಲಿಲ್ಲ.

ಈಗ ನನ್ನ ಮಡಿಲಲ್ಲಿ ಐವತ್ತು ದಿನದ ಮೊಮ್ಮಗಳು ಮಲಗಿದ್ದಾಳೆ. ಮೂಗು ನನ್ನದೇ. ಕಿವಿಯೂ ನನ್ನದೇ. ನಿದ್ದೆಯಲ್ಲಿ ನಗುವಾಗ ಬಲಗೆನ್ನೆಯಲ್ಲಿ ಒಂದು ಗುಳಿ ಬೀಳುತ್ತದೆ, ಅದು ಯಾರದೆಂದು ಇನ್ನೂ ತೀರ್ಮಾನ ಆಗಿಲ್ಲ. ನನ್ನದೇ ಇರಬೇಕು. ಇಷ್ಟು ಸಂತೋಷ ಇರುವವಳು ಸಿಟ್ಟು ಮಾಡಬಾರದು, ಗೊತ್ತುಂಟು. ಆದರೆ ನಡೆದದ್ದನ್ನು ನೆನೆಸಿದರೆ ಸಿಟ್ಟು ತಾನಾಗಿಯೇ ಬರುತ್ತದೆ, ನಾನೇನು ಮಾಡಲಿ? ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರೆದದ್ದರಲ್ಲಿ ತಪ್ಪಿದ್ದರೆ ಸುಧಾರಿಸಿಕೊಳ್ಳಿ. ಸಿಟ್ಟಿನಲ್ಲಿ ತಪ್ಪಿಲ್ಲ.

ನಾವು ಕರಾವಳಿಯ ಆಚಾರಿಗಳು. ಮರದ ಕೆಲಸದವರು. ಅಳಿಯಂದಿರ ಅಜ್ಜ ಬಾಗಿಲು ದಾರಂದ ಮಾಡಿದರೆ ನೋಡಲಿಕ್ಕೆ ಜನ ಬರುತ್ತಿದ್ದರಂತೆ. ಮೊಮ್ಮಗ ಮಾತ್ರ ಕುವೈತಿಗೆ ಬಂದು, ಅಹ್ಮದಿಯಲ್ಲಿ ಎಣ್ಣೆ ಕಂಪೆನಿಯಲ್ಲಿ ವೆಲ್ಡಿಂಗಿನ ಸೂಪರ್‌ವೈಸರ್. ಹಗಲಿಡೀ ಕಬ್ಬಿಣ. ಕೈಗೆ ಮರ ಸಿಗದೆ ಎಂಟು ವರ್ಷ ಆಗಿತ್ತು. ಹಸಿದವನ ಎದುರಿಗೆ ಎಲೆ ಹಾಕಿದ ಹಾಗೆ, ಅವರಿಗೆ ಒಂದು ಕಾರು ಸಿಕ್ಕಿತು.

ಹಳೆಯ ಅಮೆರಿಕದ ಕಾರು. ಉದ್ದ ಎಷ್ಟೆಂದರೆ, ಮುಂದಿನವರು ಮನೆ ತಲುಪಿ ಚಾ ಕುಡಿಯುವಾಗ ಹಿಂದಿನವರು ಇನ್ನೂ ರಸ್ತೆಯಲ್ಲಿ! ಇಲ್ಲಿಯ ಬಿಸಿಲಿಗೆ ಒಳಗಿನ ಪ್ಲಾಸ್ಟಿಕ್ಕೆಲ್ಲ ಹಪ್ಪಳದ ಹಾಗೆ ಬಿರಿದಿತ್ತು. ಸೀಟಿನ ಕೆಲಸ ಮಾಡುವ ಪಾಕಿಸ್ತಾನದ ಭಾಯಿಯೊಬ್ಬ, ಮರದ ಬಣ್ಣದ ಕಾಗದ ಉಂಟು, ಅಂಟಿಸಿದರೆ ಮರದ ಹಾಗೆಯೇ ಕಾಣುತ್ತದೆ, ಅರ್ಧ ದಿನದ ಕೆಲಸ ಎಂದನಂತೆ. ಅಳಿಯಂದಿರು ಮನೆಗೆ ಬಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

"ಮರದ ಫೋಟೋ ಅಂಟಿಸುದಂತೆ ಅತ್ತೆ. ಅನ್ನದ ಫೋಟೋ ಬಡಿಸಿದರೆ ಉಣ್ತಾರಾ?"

ಮಾತು ಸರಿಯೇ. ಕಾರಿನ ಒಳಗೆಲ್ಲ ನಿಜವಾದ ಮರವನ್ನೇ ತಾವೇ ಕೂರಿಸುತ್ತಾರಂತೆ. ಆದರೆ ಆಗ ನನ್ನ ಮಗಳಿಗೆ ಆರು ತಿಂಗಳು. ಹೆರಿಗೆ ಆಸ್ಪತ್ರೆ ಅಹ್ಮದಿಯಿಂದ ಕಾರಿನಲ್ಲಿ ಅರ್ಧ ಗಂಟೆ ದಾರಿ. ಇರುವುದು ಒಂದು ಕಾರು. ಅದನ್ನು ಬಿಚ್ಚಿ ಹಾಕಿದರೆ ಹೊತ್ತಿಗೆ ಹೋಗುವುದು ಯಾವುದರಲ್ಲಿ, ಒಂಟೆ ಮೇಲಾ? ನನಗೆ ಇದ್ದದ್ದು ಇದೊಂದೇ ಯೋಚನೆ. ಮಗಳ ಬಾಯಲ್ಲಿ ಕೇಳಿಸಿದೆ. ಎರಡು ತಿಂಗಳಲ್ಲಿ ಮುಗಿಯುತ್ತದೆ, ಅತ್ತೆಗೆ ಚಿಂತೆ ಬೇಡ ಎಂದು ಉತ್ತರ ಬಂತು.

ಮಗಳ ಬಾಯಲ್ಲಿ ಯಾಕೆ ಎಂದು ಕೇಳುತ್ತೀರಿ. ಅಳಿಯನನ್ನು ಎದುರಿಗೆ ನಿಲ್ಲಿಸಿ ಬಯ್ಯುವ ಕ್ರಮ ನಮ್ಮಲ್ಲಿ ಇಲ್ಲ. ನಾವು ಪಾತ್ರೆಗೆ ಬಯ್ಯುವುದು. ಬಾಣಲೆಗೋ ಮಿಕ್ಸಿಗೋ, ಹೊರಗೆ ಕೇಳುವಷ್ಟು ಗಟ್ಟಿಯಾಗಿ. ಆ ಮೂರು ತಿಂಗಳಲ್ಲಿ ನನ್ನ ಮಗಳ ಕುಕ್ಕರ್ ತಿಂದ ಬೈಗುಳ ಯಾವ ಜೀವವೂ ತಿಂದಿರಲಿಕ್ಕಿಲ್ಲ.

ಮರುಭೂಮಿಯಲ್ಲಿ ಮರ ಎಲ್ಲಿಂದ ಬರಬೇಕು? ಕುವೈತ್ ಪಟ್ಟಣದ ಶರ್ಕಿನ ಕಡಲ ಬದಿಯಲ್ಲಿ ಹಳೆಯ ಮರದ ಹಡಗುಗಳನ್ನು ಎಳೆದು ಹಾಕಿರುತ್ತಾರೆ. ಅಲ್ಲಿಯ ಮುದುಕ ಅರಬಿಯೊಬ್ಬರು ತಮ್ಮ ತಂದೆಯ ಕಾಲದ ಹಡಗನ್ನು ಒಡೆಸುತ್ತಿದ್ದರಂತೆ. ಅಳಿಯಂದಿರು ಒಂದು ಹಲಗೆಯನ್ನು ಉಗುರಲ್ಲಿ ಕೆರೆದು ನೋಡಿದರು. ಸಾಗುವಾನಿ. ನಮ್ಮ ಕಡೆಯಿಂದಲೇ ಹೋದ ಮರ! ಇವರಿಗೆ ಕಣ್ಣಲ್ಲಿ ನೀರು ಬಂತು, ಅದನ್ನು ನೋಡಿ ಆ ಮುದುಕರಿಗೂ ಬಂತು. ಇಬ್ಬರೂ ಹಲಗೆ ಸವರುತ್ತ ಒಂದು ಗಂಟೆ ಕೂತರಂತೆ, ಇವರಿಗೆ ಅರಬಿ ನೆಟ್ಟಗೆ ಬರುವುದಿಲ್ಲ, ಅವರಿಗೆ ನಮ್ಮ ಭಾಷೆ ಗೊತ್ತಿಲ್ಲ. ಕೊನೆಗೆ ಮುದುಕರು "ಯಲ್ಲಾ, ಖಲಾಸ್", ಆಯಿತು ಹೊರಡಿ, ಎಂದು ಹನ್ನೊಂದು ಹಲಗೆ ಸುಮ್ಮನೆ ಕೊಟ್ಟು ಕಳಿಸಿದರು.

ಸುಮ್ಮನೆ ಸಿಕ್ಕಿತು, ಸರಿ. ಆದರೆ ಆ ಕಾಲದಲ್ಲಿ ಹಡಗಿನ ಮರಕ್ಕೆ ನೀರು ಇಳಿಯದ ಹಾಗೆ ಎಂಥ ಬಳಿಯುತ್ತಿದ್ದರು ಗೊತ್ತುಂಟಾ? ಶಾರ್ಕ್ ಮೀನಿನ ಎಣ್ಣೆ! ನಾವು ಮೀನು ತಿನ್ನುವವರಲ್ಲ. ಬೆಳ್ಳುಳ್ಳಿಗೇ ವಾರ ನೋಡುವ ಮನೆ ನಮ್ಮದು. ಹಲಗೆಗಳನ್ನು ಅಂಗಳದಲ್ಲಿ ಒಣಗಲಿಕ್ಕೆ ಇಟ್ಟರು, ಏಪ್ರಿಲ್ ಬಿಸಿಲು ಏರಿತು, ಐವತ್ತು ವರ್ಷದ ಹಿಂದೆ ಕುಡಿದ ಎಣ್ಣೆಯನ್ನು ಮರ ಬೆವರಲಿಕ್ಕೆ ಶುರು ಮಾಡಿತು. ಮಧ್ಯಾಹ್ನಕ್ಕೆ ನಾಲ್ಕು ಬೆಕ್ಕು. ಸಂಜೆಗೆ ಹದಿನಾಲ್ಕು. ಮರುದಿನ ಅಹ್ಮದಿಯ ಬೆಕ್ಕುಗಳೆಲ್ಲ ನಮ್ಮ ಅಂಗಳದಲ್ಲಿ ಸಾಲಾಗಿ ಕೂತು ಹಲಗೆಯನ್ನು ನೋಡುತ್ತಿದ್ದವು, ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವವರ ಹಾಗೆ. ಒಳಗೆ ನನ್ನ ಮಗಳು ಬಚ್ಚಲಲ್ಲಿ ವಾಂತಿ ಮಾಡಿ ಮಾಡಿ ಹಣ್ಣಾದಳು.

ವಾಸನೆ ತೆಗೆಯಬೇಕಲ್ಲ? ಸೋಪು ಹಾಕಿದರು, ಸೋಡ ಹಾಕಿದರು, ಆಗಲಿಲ್ಲ. ಒಂದು ಬೆಳಿಗ್ಗೆ ನೋಡುತ್ತೇನೆ, ನನ್ನ ಟ್ರಂಕು ತೆರೆದುಕೊಂಡಿದೆ. ಬಾಣಂತಿಯನ್ನು ಮೀಯಿಸಲಿಕ್ಕೆಂದು ಊರಿಂದ ಕುಟ್ಟಿಸಿ ತಂದ ಎರಡು ಸೇರು ಸೀಗೆಪುಡಿ ಇಲ್ಲ! ಅಂಗಳದಲ್ಲಿ ಅಳಿಯಂದಿರು ಹಲಗೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬಿಸಿನೀರು ಹೊಯ್ದು, ನನ್ನ ಸೀಗೆಪುಡಿ ಹಾಕಿ ಬೆನ್ನು ತಿಕ್ಕಿದ ಹಾಗೆ ತಿಕ್ಕುತ್ತಿದ್ದಾರೆ. ಪಕ್ಕದಲ್ಲಿ ಶಿಶುವಿಗೆಂದು ತಂದ ತೆಂಗಿನೆಣ್ಣೆಯ ಡಬ್ಬ, ಅರ್ಧ ಖಾಲಿ. ಎಣ್ಣೆ ಹಚ್ಚಿದ್ದೂ ಆಗಿದೆ! ಹೇಳಿ, ಹುಟ್ಟುವ ಮೊದಲೇ ಮಗುವಿನ ಎಣ್ಣೆ ಕದ್ದವರುಂಟಾ? ಆವತ್ತು ಕುಕ್ಕರಿಗೆ ನಾನು ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮಗಳು ಮಾತ್ರ ಮಂಚದಲ್ಲಿ ಒರಗಿಕೊಂಡು ನಗುತ್ತಿದ್ದಳು. "ಬಿಡು ಅಮ್ಮ. ಮರಕ್ಕಾದರೂ ಬಾಣಂತನ ಆಗಲಿ" ಎಂದಳು.

ಮೂರು ಸಲ ಮಿಂದ ಮೇಲೆ ಹಲಗೆಯ ಬಣ್ಣ ಜೇನಿನ ಹಾಗೆ ತೆರೆಯಿತು. ಬೆಕ್ಕುಗಳು ನಿರಾಸೆಯಿಂದ ಎದ್ದು ಹೋದವು. ಇನ್ನಾದರೂ ಬೇಗ ಆಗುತ್ತದೆ ಅಂದುಕೊಂಡೆ. ಎಲ್ಲಿ? ಆಗ ಶುರುವಾಯಿತು ಆಯದ ಲೆಕ್ಕ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮನೆ ಕಟ್ಟುವಾಗ ನಮ್ಮವರು ಅಳತೆಯನ್ನು ಸುಮ್ಮನೆ ಇಡುವುದಿಲ್ಲ. ಅಂಗುಲದ ಲೆಕ್ಕ ಹಾಕಿ ಎಂಟರಿಂದ ಭಾಗಿಸಿ, ಉಳಿದದ್ದು ಯಾವ ಆಯ ಎಂದು ನೋಡುತ್ತಾರೆ. ಸಿಂಹ ಬಂದರೆ ಒಳ್ಳೆಯದು, ಎತ್ತು, ಆನೆ ಬಂದರೆ ಒಳ್ಳೆಯದು. ನಾಯಿ, ಕತ್ತೆ, ಕಾಗೆ ಬಂದರೆ ಅಳತೆ ಬದಲಿಸಬೇಕು. ಮನೆಗೆ ನೋಡುತ್ತಾರೆ, ದನದ ಕೊಟ್ಟಿಗೆಗೂ ನೋಡುತ್ತಾರೆ. ನನ್ನ ಅಪ್ಪ ಐವತ್ತು ವರ್ಷ ಉಳಿ ಹಿಡಿದವರು, ಕಾರಿಗೆ ಆಯ ನೋಡಿದ್ದನ್ನು ಅವರ ಬಾಯಲ್ಲೂ ಕೇಳಿದವಳಲ್ಲ ನಾನು.

ಅಳಿಯಂದಿರು ಸ್ಟಿಯರಿಂಗಿನ ಮುಂದಿನ ಡ್ಯಾಶ್‌ಬೋರ್ಡನ್ನು ಅಳತೆ ಕೋಲು ಇಟ್ಟು ಅಳೆದರು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಲೆಕ್ಕ ಹಾಕಿದರು. ಮುಖ ಬಾಡಿತು. ಕತ್ತೆ!

"ಅಮೆರಿಕದವರು ಕತ್ತೆ ಆಯದಲ್ಲಿ ಮಾಡಿದ್ದಾರೆ ಅತ್ತೆ. ಸುಮ್ಮನೆ ಅಲ್ಲ, ಈ ಕಾರು ಬೆಳಿಗ್ಗೆ ಸ್ಟಾರ್ಟ್ ಆಗ್ಲಿಕ್ಕೆ ಹಟ ಮಾಡುದು."

ಒಂದು ಅಂಗುಲ ಕಮ್ಮಿ ಮಾಡಿದರೆ ಎತ್ತು, ಒಂದು ಅಂಗುಲ ಹೆಚ್ಚು ಮಾಡಿದರೆ ಆನೆ. ಕಮ್ಮಿ ಮಾಡುವುದು ಸುಲಭ, ಎತ್ತು ಸಾಕಲ್ಲ ಎಂದು ಮಗಳ ಬಾಯಲ್ಲಿ ಹೇಳಿಸಿದೆ. ಎತ್ತು ಕಟ್ಟಿದರೆ ಅದು ಗಾಡಿ ಆಯಿತು, ಇದು ಕಾರಲ್ಲವಾ ಎಂದರು. ಆನೆಯೇ ಆಯಿತು. ಹಲಗೆ ಒಂದು ಅಂಗುಲ ಉದ್ದ ಬಂತು. ಚೆಂದವೂ ಬಂತು, ಸುಳ್ಳು ಹೇಳಬಾರದು. ಆದರೆ ಬಾಗಿಲು ಹಾಕಲಿಕ್ಕೆ ಆಗಲಿಲ್ಲ! ಆನೆಯ ಬಾಲ ಹೊರಗೆ! ಮತ್ತೆ ಹದಿನೈದು ದಿನ ಬಾಗಿಲಿನ ಒಳಮೈಯನ್ನು ಕೆತ್ತಿ ಆನೆಗೆ ಜಾಗ ಮಾಡಿದರು. ಮಗಳಿಗೆ ಎಂಟು ತಿಂಗಳು ತುಂಬಿತು.

ಆಮೇಲೆ ಉಳಿದ ಶೃಂಗಾರ. ಚಾವಣಿಗೆ ಮೆರೂನ್ ವೆಲ್ವೆಟ್. ಬಾಗಿಲಿನ ಚೀಲಗಳಿಗೆ ಬೆತ್ತದ ನೇಯ್ಗೆ. ಗಾಜು ಇಳಿಸುವ ಹಿಡಿಗಳಿಗೆ ಮಾವಿನ ಮಿಡಿಯ ಆಕಾರ, ನಾಲ್ಕು ಬಾಗಿಲಿಗೆ ನಾಲ್ಕು ಮಿಡಿ, ತೊಟ್ಟು ಸಮೇತ. ಹಿಂದೆ ಕೂತವರು ಹಿಡಿದುಕೊಳ್ಳಲಿಕ್ಕೆ ಬದಿಯಲ್ಲಿ ಉದ್ದಕ್ಕೆ ಒಂದು ಕೈಪಟ್ಟಿ, ನಮ್ಮ ಊರ ಮನೆಯ ಚಾವಡಿಯಲ್ಲಿ ಇರುವಂಥದ್ದು. ಪಕ್ಕದ ಮನೆಯಲ್ಲಿ ಧಾರವಾಡ ಕಡೆಯ ಇಂಜಿನಿಯರೊಬ್ಬರು ಇದ್ದಾರೆ. ಅವರು ಬಂದು ಕಾರಿನೊಳಗೆ ಬಗ್ಗಿ ನೋಡಿದರು.

"ಕಾರ್ ಅಲ್ರೀ ಇದು. ವಾಡೇನ ಅದ. ಒಳಗ ಹೋಗೂವಾಗ ಚಪ್ಪಲಿ ಬಿಡಬೇಕೇನ್ರೀ?"

"ಹೌದು, ಬಿಡಬೇಕು" ಎಂದರು ನಮ್ಮ ಅಳಿಯಂದಿರು, ತಮಾಷೆ ಅಲ್ಲ, ನಿಜವಾಗಿಯೇ. ಪಾಪ, ಇಂಜಿನಿಯರು ಚಪ್ಪಲಿ ಬಿಟ್ಟೇ ಕೂತರು. ಏಳುವಾಗ ಅವರ ಉಂಗುರ ಬಾಗಿಲಿನ ಹಲಗೆಗೆ ತಾಗಿ ಒಂದು ಗೀರು ಬಿತ್ತು. ಕೂದಲೆಳೆಯಷ್ಟು. ಕಣ್ಣು ಕಿರಿದು ಮಾಡಿ ನೋಡಿದರೆ ಕಾಣಿಸಬೇಕು. ಅವರು ಅತ್ತ ಹೋದರೋ ಇಲ್ಲವೋ, ಅಳಿಯಂದಿರು ಇಡೀ ಹಲಗೆಯ ವಾರ್ನಿಶ್ ಕೆರೆದು, ಮರಳು ಕಾಗದ ಹಾಕಿ ಉಜ್ಜಿ, ಹೊಸದಾಗಿ ಮೂರು ಕೈ ಬಳಿದರು. ಮತ್ತೆ ಆರು ದಿನ ಹೋಯಿತು! ಆ ಮನುಷ್ಯ ಈಗಲೂ ನಮ್ಮ ಮನೆಗೆ ಬರುವಾಗ ಉಂಗುರ ಕಿಸೆಗೆ ಹಾಕಿಕೊಂಡು ಬರುತ್ತಾರೆ.

ಅಂತೂ ಮೇ ತಿಂಗಳಲ್ಲಿ ಕಾರು ಮುಗಿಯಿತು. ಸೀಟು ಕೂತವು. ಡಾಕ್ಟರು ಕೊಟ್ಟ ದಿನಕ್ಕೆ ಇನ್ನೂ ಹತ್ತು ದಿನ ಇತ್ತು. ನಾನು ದೇವರಿಗೆ ಒಂದು ದೀಪ ಹೆಚ್ಚು ಹಚ್ಚಿದೆ.

ಶುಕ್ರವಾರ, ರಜೆ. ಬೆಳಿಗ್ಗೆ ಅಳಿಯಂದಿರು ಕಾರಿನ ಹಿಂದಿನ ಸೀಟಿನಲ್ಲಿ ಕೂತು ಚಾ ಕುಡಿಯುತ್ತಾ ತಮ್ಮ ಕೆಲಸವನ್ನು ತಾವೇ ನೋಡಿ ಸಂತೋಷಪಡುತ್ತಿದ್ದರು. ಇದ್ದಕ್ಕಿದ್ದ ಹಾಗೆ ಚಾದ ಗ್ಲಾಸು ಕೆಳಗಿಟ್ಟರು. ಅದೇ ಕೈಪಟ್ಟಿಯ ಹತ್ತಿರ ಮುಖ ಇಟ್ಟು, ಮರದ ಗೆರೆಗಳನ್ನು ಬೆರಳಲ್ಲಿ ಓದಿದರು. ನಾನು ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ.

ಮರಕ್ಕೆ ಬುಡ ಉಂಟು, ತುದಿ ಉಂಟು. ನಿಲ್ಲಿಸುವಾಗ ಬುಡ ಕೆಳಗೇ ಬರಬೇಕು, ಮಲಗಿಸುವಾಗ ತುದಿ ಯಾವ ದಿಕ್ಕಿಗೆಂದು ನೋಡಬೇಕು. ಬುಡ ತುದಿ ತಪ್ಪಿಸಿದ ಆಚಾರಿಯನ್ನು ಯಾರೂ ಮತ್ತೆ ಕರೆಯುವುದಿಲ್ಲ. ಆದರೆ ಮನೆ ಇದ್ದಲ್ಲೇ ಇರುತ್ತದೆ, ಕಾರು ತಿರುಗುತ್ತದಲ್ಲ, ದಿಕ್ಕು ಯಾವುದು? ಇದಕ್ಕೇ ಮೊದಲು ನಾಲ್ಕು ದಿನ ತಲೆ ಕೆರೆದುಕೊಂಡು, ಕಾರು ಮುಂದೆ ಹೋಗುವಂಥದ್ದು, ಹಾಗಾಗಿ ತುದಿ ಎಂಜಿನ್ ಕಡೆಗೆ, ಬುಡ ಡಿಕ್ಕಿ ಕಡೆಗೆ ಎಂದು ನಿಯಮ ಮಾಡಿಕೊಂಡಿದ್ದರು. ಈಗ ನೋಡಿದರೆ ಕೈಪಟ್ಟಿ ತಿರುಗಾಮುರುಗಾ ಕೂತಿದೆ.

"ಅತ್ತೆ, ಮರ ಹಿಂದೆ ಹಿಂದೆ ಹೋಗ್ತಾ ಉಂಟು" ಎಂದರು. ಸತ್ತವರ ಸುದ್ದಿ ಹೇಳುವ ಸ್ವರ.

ಅದರ ತಿರುಪುಗಳು ಸೀಟಿನ ಹಿಂದೆ. ಹಿಂದಿನ ಸೀಟು ತೆಗೆದರು. ಅದು ಹೊರಗೆ ಬರಬೇಕಾದರೆ ಎದುರಿನ, ಡ್ರೈವರಿನ ಪಕ್ಕದ ಸೀಟೂ ಬರಬೇಕು, ಅದನ್ನೂ ತೆಗೆದರು. ಕೈಪಟ್ಟಿ ಬಿಚ್ಚಿ, ತಿರುಗಿಸಿ, ಕೂರಿಸಿ, ತಿರುಪಿನ ಹಳೆಯ ತೂತು ಮುಚ್ಚಿ, ಹನ್ನೊಂದು ಗಂಟೆಗೆ ದಪ್ಪಕ್ಕೆ ವಾರ್ನಿಶ್ ಬಳಿದರು. ಎರಡು ದಿನ ಯಾರೂ ಮುಟ್ಟಬಾರದೆಂದು ಅಪ್ಪಣೆ ಆಯಿತು. ಮುಟ್ಟಲಿಕ್ಕೆ ಕೂರಲು ಸೀಟು ಎಲ್ಲಿದೆ? ಸೀಟೆರಡೂ ಅಂಗಳದಲ್ಲಿ ಬಿಸಿಲು ಕಾಯಿಸುತ್ತಿದ್ದವು.

ಹನ್ನೆರಡೂವರೆಗೆ ಮಗಳು ಗೋಡೆ ಹಿಡಿದುಕೊಂಡು ನಡುಮನೆಗೆ ಬಂದಳು. ಅವಳ ಮುಖ ನೋಡಿದೆ. ನಾನು ನಾಲ್ಕು ಹೆತ್ತವಳು, ನನಗೆ ಯಾರೂ ಹೇಳಬೇಕಾಗಿಲ್ಲ.

ಆಂಬುಲೆನ್ಸಿಗೆ ಫೋನ್ ಮಾಡಿದರೆ ಬೇರೆ ಕಡೆ ಹೋಗಿದೆ, ಬರಲಿಕ್ಕೆ ಮುಕ್ಕಾಲು ಗಂಟೆ. ಇಂಜಿನಿಯರ ಮನೆಗೆ ಬೀಗ, ತಾಜಾ ತರಕಾರಿ ತರಲಿಕ್ಕೆ ಬೆಳಿಗ್ಗೆಯೇ ವಫ್ರಾಕ್ಕೆ ಹೋಗಿದ್ದಾರೆ. ಶುಕ್ರವಾರದ ನಮಾಜಿನ ಹೊತ್ತು, ರಸ್ತೆಯಲ್ಲಿ ಒಂದು ಟ್ಯಾಕ್ಸಿ ಇಲ್ಲ. ಅಳಿಯಂದಿರು ಅಂಗಳದ ಮಧ್ಯೆ ನಿಂತಿದ್ದಾರೆ. ಒಂದು ಕೈಯಲ್ಲಿ ತಿರುಪುಳಿ, ಒಂದು ಕೈಯಲ್ಲಿ ಬ್ರಶ್ಶು. ಸೀಟು ನೋಡುತ್ತಾರೆ, ಕಾರು ನೋಡುತ್ತಾರೆ, ಕೂರಿಸಲಿಕ್ಕೆ ಎರಡು ಗಂಟೆ ಬೇಕು ಎನ್ನುತ್ತಾರೆ.

ನನಗೆ ಪಾತ್ರೆ ಹುಡುಕುವಷ್ಟು ಪುರುಸೊತ್ತು ಇರಲಿಲ್ಲ. ಜೀವನದಲ್ಲಿ ಮೊದಲ ಸಲ ಅಳಿಯನ ಎದುರಿಗೇ ನಿಂತೆ.

"ಬ್ರಶ್ಶು ಕೆಳಗೆ ಹಾಕಿ! ನನ್ನ ಮಗಳನ್ನು ಎತ್ತಿಕೊಳ್ಳಿ!"

ಬೀದಿಯ ಕೊನೆಯವರೆಗೆ ಕೇಳಿರಬೇಕು. ಬ್ರಶ್ಶು ಕೆಳಗೆ ಬಿತ್ತು. ಆಮೇಲೆ ಆ ಮನುಷ್ಯನಿಗೆ ಎಲ್ಲಿಂದ ಚುರುಕು ಬಂತೋ. ಒಳಗೆ ಓಡಿದರು, ಮಂಚದ ಹತ್ತಿಯ ಹಾಸಿಗೆಯನ್ನು ಸುರುಳಿ ಸುತ್ತಿ ತಂದರು, ಸೀಟಿಲ್ಲದ ಕಾರಿನೊಳಗೆ ಬಿಡಿಸಿದರು. ಮುಂದಿನಿಂದ ಹಿಂದಿನವರೆಗೆ ಸರಿಯಾಗಿ ಕೂತಿತು. ಮಗಳನ್ನು ಎತ್ತಿ ತಂದು ಮಲಗಿಸಿದರು, ಕಾಲು ಚಾಚಿ, ರಾಣಿಯ ಹಾಗೆ. ತಲೆ ನನ್ನ ಮಡಿಲಲ್ಲಿ. ಅಳಿಯಂದಿರ ಮೈಮೇಲೆ ಲುಂಗಿ, ತಲೆ ತುಂಬ ಮರದ ಹುಡಿ, ಕಾಲಿಗೆ ಚಪ್ಪಲಿ ಇಲ್ಲ. ಕಾರು ಹೊರಟಿತು.

ಅರ್ಧ ಗಂಟೆ. ನನ್ನ ಮಗಳು ಸಣ್ಣದರಿಂದಲೂ ಕೂಗುವವಳಲ್ಲ. ನೋವು ಬಂದಾಗಲೆಲ್ಲ ಮೇಲೆ ಕೈ ಚಾಚಿ ಆ ಕೈಪಟ್ಟಿಯನ್ನು ಹಿಡಿಯುತ್ತಿದ್ದಳು. ವಾರ್ನಿಶ್ ಹಸಿ ಎಂದು ಹೇಳುವ ಹೊತ್ತಾ ಅದು? ಅವಳು ಹಿಡಿದು ಜಗ್ಗಿದ ರಭಸಕ್ಕೆ ಬೇರೆ ಕಾರಾದರೆ ಬಾಗಿಲೇ ಕೈಗೆ ಬರುತ್ತಿತ್ತು. ಇದು ಕಿರುಗುಟ್ಟಲಿಲ್ಲ. ಒಂದು ತಿರುಪೂ ಅಲುಗಲಿಲ್ಲ. ರಸ್ತೆಯ ಉಬ್ಬುಗಳಲ್ಲಿ ಇಡೀ ಕಾರಿನೊಳಗೆ ಒಂದು ಸದ್ದಿಲ್ಲ. ನನಗೆ ಅದಕ್ಕೂ ಸಿಟ್ಟೇ ಬಂತು. ಇಷ್ಟು ಒಳ್ಳೆಯ ಕೆಲಸ ಗೊತ್ತಿರುವವರು ಒಂದು ಹದಿನೈದು ದಿನ ಮೊದಲು ಮುಗಿಸಬಾರದಿತ್ತಾ! ಎದುರಿನ ಕನ್ನಡಿಯಲ್ಲಿ ಅವರ ಕಣ್ಣು ಮಾತ್ರ ನನಗೆ ಕಾಣುತ್ತಿತ್ತು. ಆ ಕಣ್ಣು ರಸ್ತೆ ಬಿಟ್ಟು ಒಂದು ಕ್ಷಣವೂ ಹಿಂದೆ ತಿರುಗಲಿಲ್ಲ. ಹೆಂಡತಿ ಹಿಂದೆ ನರಳುತ್ತಿದ್ದಾಳೆ, ಒಂದು ಸಮಾಧಾನದ ಮಾತಾದರೂ ಆಡಬಹುದಿತ್ತು ಅಂದುಕೊಂಡೆ.

ಆಸ್ಪತ್ರೆಗೆ ತಲುಪಿ ನಲವತ್ತು ನಿಮಿಷಕ್ಕೆ ನನ್ನ ಮೊಮ್ಮಗಳು ಹುಟ್ಟಿದಳು. ಹುಟ್ಟಿದ ಕೂಡಲೇ ಕಣ್ಣು ಬಿಟ್ಟು ಸುತ್ತ ನೋಡಿದಳು, ಇಂಥ ಬುದ್ಧಿವಂತ ಶಿಶುವನ್ನು ಈ ಅರಬಿಸ್ತಾನ ಕಂಡಿರಲಿಕ್ಕಿಲ್ಲ! ಮಗಳ ಅಂಗೈಗೆ ಅಂಟಿದ ಕಂದು ವಾರ್ನಿಶನ್ನು ಮಲೆಯಾಳಿ ನರ್ಸು ಸ್ಪಿರಿಟ್ ಹಾಕಿ ಒರೆಸಿ ಒರೆಸಿ ಸೋತು, ಇದೆಂಥ ಮದರಂಗಿ, ಚಿತ್ರವೇ ಇಲ್ಲ ಎಂದು ಕೇಳಿದಳು. ಮಗುವನ್ನು ಅಪ್ಪನ ಕೈಗೆ ಕೊಟ್ಟಾಗ ಅವರು ಬಗ್ಗಿದರು, ತಲೆಯಿಂದ ಮರದ ಹುಡಿ ಉದುರಿ ಶಿಶುವಿನ ಹಣೆಯ ಮೇಲೆ ಬಿತ್ತು. ನೋಡಿ ನ್ಯಾಯ! ನಾನು ಜೇನು ನೆಕ್ಕಿಸಲಿಕ್ಕೆ ಕಾದು ಕೂತಿದ್ದರೆ, ಮೊದಲು ಬಿದ್ದದ್ದು ಸಾಗುವಾನಿ.

ಮೊನ್ನೆ ನಲವತ್ತು ದಿನ ಮುಗಿದ ಮೇಲೆ ಮಗುವಿನ ಪಾಸ್‌ಪೋರ್ಟಿಗೆ ಫೋಟೋ ತೆಗೆಸಲೆಂದು ಶರ್ಕಿಗೆ ಹೊರಟೆವು. ಸೀಟುಗಳು ಮತ್ತೆ ಕೂತಿವೆ. ಮಗಳು ಮುಂದೆ, ನಾನು ಮೊಮ್ಮಗಳ ಜೊತೆ ಹಿಂದೆ. ಪಕ್ಕಕ್ಕೆ ನೋಡಿದರೆ ಕೈಪಟ್ಟಿಯ ಮೇಲೆ ಐದು ಗುಂಡಿ. ನಾಲ್ಕು ಬೆರಳು ಮೇಲೆ, ಹೆಬ್ಬೆರಳು ಕೆಳಗೆ. ಹಸಿ ವಾರ್ನಿಶಿನಲ್ಲಿ ಊರಿ ಹಾಗೆಯೇ ಒಣಗಿ ಕಲ್ಲಾಗಿದೆ. ಉಳಿದ ಮರವೆಲ್ಲ ಕನ್ನಡಿ, ಅಲ್ಲೊಂದು ಕಡೆ ಕಜ್ಜಿ ಆದ ಹಾಗೆ. ಐವತ್ತು ದಿನ ಆಗುತ್ತಾ ಬಂತು, ಮುಟ್ಟಿಯೇ ಇಲ್ಲ! ನನಗೆ ರೇಗಿತು. ಈಗೀಗ ನಾನು ಎದುರಿಗೇ ಹೇಳುವವಳಾಗಿದ್ದೇನೆ, ಪಾತ್ರೆಗೆ ಬಯ್ಯುವ ಅಭ್ಯಾಸ ತಪ್ಪಿಹೋಗಿದೆ. ಪರರ ಉಂಗುರದ ಗೀರಿಗೆ ಆರು ದಿನ ಉಜ್ಜಿದವರು ನೀವು, ಮಗುವನ್ನು ನೋಡಲಿಕ್ಕೆ ಬರುವ ಜನ ಇದನ್ನು ನೋಡಿ ಏನೆಂದಾರು, ಒಂದು ಗಂಟೆಯ ಕೆಲಸ, ಉಜ್ಜಿ ತೆಗೆಯಿರಿ ಎಂದೆ.

ಮಗಳು ಕಿಟಕಿಯ ಕಡೆಗೆ ಮುಖ ತಿರುಗಿಸಿದಳು. ಒಂದು ಸಿಗ್ನಲ್ ದಾಟಿತು, ಇನ್ನೊಂದು ದಾಟಿತು.

"ಅಷ್ಟು ಗಟ್ಟಿ ಅವಳು ನನ್ನ ಕೈ ಹಿಡಿಯಬೇಕಿತ್ತು ಅತ್ತೆ," ಎಂದರು ಅಳಿಯಂದಿರು. "ನಾನು ಸ್ಟಿಯರಿಂಗ್ ಹಿಡಿದಿದ್ದೆ."

ಹೊರಗೆ ಮರಳು ಗಾಳಿ ಎದ್ದಿತ್ತು. ಎಷ್ಟು ಗಾಜು ಏರಿಸಿದರೂ ಈ ಊರಿನಲ್ಲಿ ಧೂಳು ಒಳಗೆ ಬಂದೇ ಬರುತ್ತದೆ. ಮೊಮ್ಮಗಳನ್ನು ಒಂದು ಕೈಗೆ ಬದಲಿಸಿಕೊಂಡು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಆ ಐದು ಗುಂಡಿಗಳಲ್ಲಿ ಕೂತ ಧೂಳನ್ನು ಒಂದೊಂದಾಗಿ ಒರೆಸಿದೆ.